ಸಂಧಿಯ ಚೀಲ

ಇಲಿಗಳಿಗೂ ಹೆಗ್ಗಣಗಳಿಗೂ ಘೋರ ಯುದ್ಧ ನಡೆದಿತ್ತು. ಆಗ ವಕ್ರದಂತನೆಂಬ ಹೆಗ್ಗಣ ಸಂಧಿಯ ದೂತನಾಗಿ ಇಲಿಗಳ ಕೋಟೆಗೆ ಬಂದ. ಅವನ ಬೆನ್ನ ಮೇಲೆ ಅರಸನ ಮುದ್ರೆ ಒತ್ತಿದ ಚೀಲವಿತ್ತು.

"ಇದರಲ್ಲಿ ಸಂಧಿಪತ್ರಗಳಿವೆ. ದೂತನ ಚೀಲವನ್ನು ಯಾರೂ ಬಿಚ್ಚುವಂತಿಲ್ಲ. ಮಾತುಕತೆ ಮುಗಿಯುವವರೆಗೆ ನಿಮ್ಮ ಧಾನ್ಯದ ಕಣಜದಲ್ಲಿರಲಿ," ಎಂದು ಇಲಿಗಳ ರಾಣಿಗೆ ಹೇಳಿದ.

ಬಾಗಿಲು ಕಾಯುವ ಮುದಿ ಇಲಿ ತೀಕ್ಷ್ಣಕರ್ಣಿ ಚೀಲಕ್ಕೆ ಕಿವಿಗೊಟ್ಟಳು. ಒಳಗೆ ಏನೋ ಪುಟಪುಟನೆ ಜಿಗಿಯುತ್ತಿತ್ತು. ಅವಳು ರಾಣಿಯತ್ತ ತಿರುಗಿ ನಯವಾಗಿ ಹೇಳಿದಳು: "ಮಹಾರಾಣಿ, ದೂತನ ಚೀಲ ಬಿಚ್ಚುವುದು ಧರ್ಮವಲ್ಲ. ಅದನ್ನು ಅವನಿಂದ ಅಗಲಿಸುವುದೂ ಧರ್ಮವಲ್ಲ. ಎರಡನ್ನೂ ಅತಿಥಿಗಳ ಬಿಲದಲ್ಲಿ ಒಟ್ಟಿಗೇ ಇರಿಸೋಣ."

ರಾಣಿ ತಲೆದೂಗಿದಳು. ಕಾವಲಿನವರು ವಕ್ರದಂತನನ್ನು ಚೀಲದೊಡನೆ ಬಿಲಕ್ಕೆ ಕಳಿಸಿ ಬಾಗಿಲಿಗೆ ಕಲ್ಲು ಉರುಳಿಸತೊಡಗಿದರು.

"ನಿಲ್ಲಿಸಿ! ನಿಲ್ಲಿಸಿ!" ವಕ್ರದಂತ ಚೀಲ ಎಸೆದು ಹೊರಕ್ಕೆ ಹಾರಿದ. "ಇದರ ಜೊತೆ ನನ್ನನ್ನು ಕೂಡಿಹಾಕಬೇಡಿ! ಒಳಗಿರುವುದು ಪ್ಲೇಗಿನ ಚಿಗಟಗಳು!"

ಇಲಿಗಳು ಹೋ ಎಂದು ನುಗ್ಗಿ, ಚೀಲವನ್ನು ಒಳಗೇ ಬಿಟ್ಟು ಬಿಲವನ್ನು ಕಲ್ಲುಮಣ್ಣಿನಿಂದ ಮುಚ್ಚಿಬಿಟ್ಟವು. "ಇವನನ್ನು ಕೊಲ್ಲೋಣ!" ಎಂದು ಸೈನಿಕರು ಹಲ್ಲು ಮಸೆದರು.

"ದೂತನನ್ನು ಕೊಲ್ಲಬಾರದು. ಮನೆಗೆ ಹೋಗಲಿ," ಎಂದಳು ರಾಣಿ.

ವಕ್ರದಂತ ಎದ್ದೆನೋ ಬಿದ್ದೆನೋ ಎಂದು ಓಡಿ ತನ್ನ ಕೋಟೆಯ ಬಾಗಿಲು ಬಡಿದ. "ಪ್ರಭುಗಳೇ, ನಾನು ವಕ್ರದಂತ! ಬಾಗಿಲು ತೆಗೆಸಿ!"

"ಹತ್ತಿರ ಬರಬೇಡ!" ಒಳಗಿನಿಂದ ಅರಸನೇ ಕೂಗಿದ.

"ಚೀಲ ಅಲ್ಲೇ ಉಳಿಯಿತು, ಪ್ರಭು! ನನಗೆ ಒಂದು ಚಿಗಟವೂ ತಾಗಿಲ್ಲ!"

ಬಾಗಿಲು ತೆರೆಯಲೇ ಇಲ್ಲ. ಆ ಚೀಲವನ್ನು ತುಂಬಿ ಕಟ್ಟಿದವರು ಒಳಗಿದ್ದವರೇ ಆಗಿದ್ದರು.