ಕಣ್ಣಿನ ಅರಿಸಿನ

ಪೂಜ್ಯ ಗುರುಲಿಂಗಮ್ಮ ತಾಯಿಯವರು ಡೋಣಿ ನದಿಯ ದಂಡೆಯ ಪುಟ್ಟ ಮಠದಲ್ಲಿದ್ದರು. ಇಳಿವಯಸ್ಸಿನಲ್ಲೂ ಜೋಳಿಗೆ ಹಿಡಿದು ತಾವೇ ಭಿಕ್ಷೆಗೆ ಹೊರಡುತ್ತಿದ್ದರು. ಮೊಣಕಾಲು ನೋವಿನಿಂದಾಗಿ ಅಲ್ಲಲ್ಲಿ ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವುದು ಅವರ ರೂಢಿ.

ಅಂದು ಅವರು ಕುಳಿತದ್ದು ಸಾವಂತ್ರವ್ವನ ಮನೆಯ ಕಟ್ಟೆ. ಅಲ್ಲಿ ಸೊಸೆ ಶಿವಲೀಲಾ ಮಗ ಈರಣ್ಣನಿಗೆ ಗಂಜಿ ಕುಡಿಸುತ್ತಿದ್ದಳು. ಹುಡುಗನ ಕೈಕಾಲು ಹಸುಗೂಸಾಗಿದ್ದಾಗಿನಿಂದ ಸೆಟೆದಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ಕುಡಿಸಿದ್ದರಲ್ಲಿ ಅರ್ಧ ಅವಳ ಸೆರಗಿಗೇ ಬೀಳುತ್ತಿತ್ತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಈಳಿಗೆ ಮುಟ್ಟಿದ್ದರ ಫಲವಿದು ಎಂದು ಅತ್ತೆ ಊರೆಲ್ಲ ಸಾರಿಕೊಂಡು ಬಂದಿದ್ದಳು. ಎದುರಾಡುವ ತ್ರಾಣವೂ ಆ ಹೆಣ್ಣಿನಲ್ಲಿ ಉಳಿದಿರಲಿಲ್ಲ.

ಸಾವಂತ್ರವ್ವ ಓಡಿಬಂದು ಪಾದಕ್ಕೆರಗಿದಳು. “ತಾಯಿ, ಮಗಳು ಹಡದಾಳ್ರಿ. ಕೂಸು ಬಂಗಾರದಂಥಾದ್ದು. ಅಳೂದಿಲ್ಲ, ಕಾಡೂದಿಲ್ಲ, ಬರೇ ಮಲಗಿರ್ತದ. ಈಕೀ ನೆರಳು ಬೀಳಧಂಗ ಭಸ್ಮ ಕೊಡ್ರಿ,” ಎಂದು ಸೊಸೆಯತ್ತ ಕೈ ತೋರಿದಳು.

“ಕೂಸಿನ್ನ ಬೆಳಕಿಗೆ ತಾ,” ಎಂದರು ತಾಯಿಯವರು.

ಬಾಣಂತಿ ಕೋಣೆಯ ಕೂಸಿಗೆ ಹೊರಗಾಳಿ ತಾಗಿಸುವುದೆಂದರೆ ಸಾವಂತ್ರವ್ವನಿಗೆ ಜೀವ ಹೋದಷ್ಟು ಸಂಕಟ. ಆದರೂ ಗುರುವಾಕ್ಯ ಮೀರಲಾರದೆ ತಂದಳು. ಎಣ್ಣೆ, ಅರಿಸಿನ ಹಚ್ಚಿದ ಮೈ ಬಿಸಿಲಿಗೆ ಹೊಳೆಯಿತು. ತಾಯಿಯವರು ಕೂಸಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿ ನೋಡಿದರು.

“ಅರಿಸಿನ ಕಣ್ಣಾಗೂ ಹಚ್ಚೀಯೇನವ್ವಾ?”

ಸಾವಂತ್ರವ್ವ ಬಗ್ಗಿ ನೋಡಿದಳು; ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಶಿವಲೀಲಾ ತಲೆಯೆತ್ತದೆ ನುಡಿದಳು: “ಈರಣ್ಣಂದೂ ಹಿಂಗ ಇತ್ತರಿ. ಹಾಲು ಕುಡೀದ ಮಲಗೇ ಇರ್ತಿದ್ದ. ಅತ್ತಿ ಅರಿಸಿನದ ಕಳೆ ಅಂದ್ರು.”

“ದವಾಖಾನಿಗೆ ನಡೀರಿ, ಈಗಿಂದೀಗ.”

ದವಾಖಾನೆಯಲ್ಲಿ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಹುಟ್ಟಿದ ಕೂಸಿನ ಕಾಮಾಲೆ ವಿಪರೀತ ಏರಿ ಮಿದುಳಿಗೆ ಹತ್ತಿದರೆ ಕೈಕಾಲು ಜೀವಮಾನವಿಡೀ ಸೆಟೆದೇ ಉಳಿಯಬಹುದು, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ಕೂಸು ಚೇತರಿಸಿಕೊಂಡು ಜೋರಾಗಿ ಅಳತೊಡಗಿತು.

ಮನೆಗೆ ಮರಳಿದ ಸಾವಂತ್ರವ್ವ, ಭಿಕ್ಷೆಗೆ ಬಂದು ಅದೇ ಕಟ್ಟೆಯ ಮೇಲೆ ಕುಳಿತಿದ್ದ ತಾಯಿಯವರ ಮುಂದೆ ಕುಸಿದಳು. “ಗ್ರಹಣ ಅಲ್ಲರಿ ತಾಯಿ. ಈರಣ್ಣನ್ನ ಕತ್ತಲ ಕೋಣ್ಯಾಗ ಇಟ್ಟಾಕಿ ನಾನು.”

“ಅಳೂದು ಆಮ್ಯಾಲೆ. ಮೊದಲ ಆಕೀ ಕೈಯಾನ ಕೂಸು ತಗೋ,” ಎಂದು ತಾಯಿಯವರು ಈರಣ್ಣನಿಗೆ ಗಂಜಿ ಕುಡಿಸುತ್ತಿದ್ದ ಶಿವಲೀಲಾಳತ್ತ ತೋರಿದರು.

ಸಾವಂತ್ರವ್ವ ಈರಣ್ಣನನ್ನು ತೊಡೆಗೆ ತೆಗೆದುಕೊಂಡಳು. ಕೈ ಖಾಲಿಯಾದ ಶಿವಲೀಲಾ ಕಂಬಕ್ಕೆ ಒರಗಿದವಳು ಕುಳಿತಲ್ಲೇ ನಿದ್ದೆಹೋದಳು. ಅತ್ತೆ ಹುಡುಗನ ಕತ್ತಿಗೆ ತೋಳು ಆನಿಸಿ ಗಂಜಿ ಕುಡಿಸತೊಡಗಿದಳು. ಅರ್ಧ ಅವಳ ಸೆರಗಿಗೆ ಬಿತ್ತು.

ಓಣಿಯಿಂದ ಯಾರೋ ಶಿವಲೀಲಾಳನ್ನು ಕೂಗಿದರು.

“ಮೆಲ್ಲಕ,” ಎಂದಳು ಸಾವಂತ್ರವ್ವ, “ನನ್ನ ಸೊಸಿ ಮಲಗ್ಯಾಳ.”