ಸೊಟ್ಟ ಕೊಂಬೆಯ ಹಟ

ಸಿದ್ದಲಿಂಗಪ್ಪ ಮೇಷ್ಟ್ರು ಮನೆಯ ಜಗಲಿಯಲ್ಲಿ ಕೊಂಬೆಗಳ ಮೇಲೆ ಪುಸ್ತಕ ಕೂರುವಂಥ, ಮರದ ಆಕಾರದ ಕಪಾಟು ಮಾಡಲು ಕೂತರು. ನೇರವಾದ ಹಲಗೆಗಳನ್ನೆಲ್ಲ ಆರಿಸಿಕೊಂಡು, "ಇದರ ಜೊತೆ ಹೆಣಗೋಕೆ ನನ್ನಿಂದಾಗಲ್ಲ, ಬಚ್ಚಲೊಲೆಗಾಯ್ತು" ಎಂದು ಹಲಸಿನ ಸೊಟ್ಟ ಕೊಂಬೆಯೊಂದನ್ನು ಸೌದೆಯ ರಾಶಿಗೆ ಎಸೆದರು.

ಹಲಗೆಗಳ ಮೈ ನುಣುಪು ಮಾಡುತ್ತಿದ್ದ ಉಜ್ಜುಗೊರಡು ಕೊಂಬೆಯನ್ನು ನೋಡಿ ನಕ್ಕಿತು. "ಇನ್ನೂ ಕಾಲ ಮಿಂಚಿಲ್ಲ. ನನ್ನ ಕೆಳಗೆ ಬಾ. ಗಂಟು ಹೆರೆದು ನೆಟ್ಟಗೆ ಮಾಡುತ್ತೇನೆ, ಬದುಕಿಕೊಳ್ಳುವೆ."

"ನೀನು ನೆಟ್ಟಗೆ ಮಾಡಿದ ಮೇಲೆ ಉಳಿಯುವುದು ನಾನಲ್ಲ" ಎಂದಿತು ಕೊಂಬೆ. "ಒಲೆಗೆ ಹೋದರೂ ಸೊಟ್ಟಗೇ ಹೋಗುತ್ತೇನೆ."

"ಎಂಥ ಸೊಕ್ಕು! ಮೇಷ್ಟ್ರಿಗೆ ಬೇಕಾದ ಕೊಂಬೆ ನೇರ ಹಲಗೆಯಲ್ಲೇ ಹುಟ್ಟುತ್ತದೆ, ನೋಡುತ್ತಿರು."

ಮೇಷ್ಟ್ರು ಹಲಗೆಯ ಮೇಲೆ ಬಾಗಿದ ಕೊಂಬೆಯ ಚಿತ್ರ ಬರೆದು, ಗೆರೆ ಹಿಡಿದು ಗರಗಸ ಆಡಿಸಿದರು. ನೋಡಲು ಚೆಂದವೇ ಬಂತು. ಆದರೆ ಬಾಗಿದಲ್ಲೆಲ್ಲ ಹಲಗೆಯ ನಾರು ತುಂಡಾಗಿತ್ತು. ಅದನ್ನು ಕಪಾಟಿಗೆ ಬಿಗಿದು, ಮೇಲೊಂದು ಅಡ್ಡಹಲಗೆ ಕೂರಿಸಿ, ದಪ್ಪ ನಿಘಂಟು ಇಟ್ಟದ್ದೇ ತಡ, ಲಟಕ್ಕನೆ ಮುರಿಯಿತು.

ಮೇಷ್ಟ್ರು ಮುರಿದ ತುಂಡನ್ನು ನೋಡಿದರು, ಸೌದೆಯ ರಾಶಿಯನ್ನು ನೋಡಿದರು. ಸೊಟ್ಟ ಕೊಂಬೆಯನ್ನು ತೊಗಟೆ ಸಮೇತ ತಂದು ಅದೇ ಜಾಗಕ್ಕೆ ಬಿಗಿದರು. ನಿಘಂಟು ಕೂತಿತು, ಕೊಂಬೆ ಮಿಸುಕಲಿಲ್ಲ.

"ಅಂತೂ ಭಾರ ಹೊರಲು ಒಪ್ಪಿಕೊಂಡೆಯಲ್ಲ!" ಎಂದು ಉಜ್ಜುಗೊರಡು ಚುಚ್ಚಿತು.

"ಭಾರ ಬೇಡವೆಂದು ನಾನು ಯಾವತ್ತು ಹೇಳಿದೆ? ಹಲಸಿನ ಹಣ್ಣು ಹೊತ್ತ ಮೈ ಇದು. ನಾನು ಬೇಡವೆಂದದ್ದು ನಿನ್ನನ್ನು."