ಹಿಂದಿನ ಸೀಟಿನ ಸಾಹೇಬರು

ಲೈಸೆನ್ಸಿಗಾಗಿ ಎಂಟರ ಆಕಾರದ ಗೆರೆಯ ಮೇಲೆ ಬೈಕ್ ಓಡಿಸುವ ಪರೀಕ್ಷೆ. ಹಾಲು ಮಾರುವ ನಿಂಗೇಗೌಡನ ಕೈ ಗಡಗಡ ನಡುಗುತ್ತಿತ್ತು. ಹಿಂದೆ ಹಾಲಿನ ಕ್ಯಾನುಗಳ ಭಾರವಿಲ್ಲದೆ ಬೈಕ್ ಓಡಿಸಿ ಅವನಿಗೆ ಅಭ್ಯಾಸವೇ ಇರಲಿಲ್ಲ.

“ಕಾಲು ನೆಲಕ್ಕೆ ತಾಗಿದವನು ಫೇಲ್, ಮುಂದಿನ ತಿಂಗಳು ಬರಬೇಕು! ಥೂ ಪುಕ್ಕಲ, ನಿನ್ನ ಹಿಂದೆ ಎಮ್ಮೇನೂ ಕೂರಲ್ಲ,” ಎಂದು ಇನ್ಸ್‌ಪೆಕ್ಟರ್ ಸಾಹೇಬರು ಮೀಸೆ ತಿರುವಿದರು.

“ನಿಜ ಸಾರ್. ಹಿಂದೆ ಭಾರ ಇದ್ರೇನೇ ನಂಗೆ ಧೈರ್ಯ. ಕೂರೋ ಗುಂಡಿಗೆ ಇಲ್ಲಿ ನಿಮಗೊಬ್ಬರಿಗೇ ಇರೋದು,” ಎಂದು ಗೌಡ ಕೈಮುಗಿದ.

ಪರೀಕ್ಷೆಗೆ ಸಾಲುಗಟ್ಟಿ ನಿಂತಿದ್ದ ಅಷ್ಟು ಜನರೆದುರು ಒಲ್ಲೆ ಎನ್ನುವುದು ಹೇಗೆ? ಸಾಹೇಬರು ಹೊಟ್ಟೆ ಸಮೇತ ಹತ್ತಿ ಕೂತರು. ಭಾರ ಬಿದ್ದದ್ದೇ ತಡ, ಗೌಡನ ನಡುಕ ಮಾಯ. ಮೊದಲ ತಿರುವಿಗೇ ಸಾಹೇಬರು “ಅಯ್ಯಯ್ಯೋ!” ಎಂದು ಅವನ ಸೊಂಟ ತಬ್ಬಿದರು. ಎರಡೂ ಬೂಟು ನೆಲಕ್ಕೆ ಉಜ್ಜಿಕೊಂಡೇ ಸುತ್ತು ಮುಗಿಸಿದರು.

ಗೌಡ ಬೈಕ್ ನಿಲ್ಲಿಸಿ ವಿನಯದಿಂದ ಕೇಳಿದ: “ನನ್ನ ಕಾಲಂತೂ ತಾಗಲಿಲ್ಲ. ಮುಂದಿನ ತಿಂಗಳು ಎಷ್ಟೊತ್ತಿಗೆ ಬರ್ತೀರಿ, ಸಾರ್?”